ಎತ್ತರಿಸಿದ ಜೀಪು, ಥಾರ್‌ಗೆ ಅಜ್ಜಿ ಹತ್ತೋದು ಹೇಗೆ? ಸ್ಟೂಲು, ಹಿಡಿಕೆ, ಫುಟ್‌ಸ್ಟೆಪ್: ಪೂರ್ತಿ ಮಾಹಿತಿ

ಹೊಸನಗರ: ಮಲೆನಾಡಿನಲ್ಲಿ ಜೀಪು ಅಂದ್ರೆ ಬರೀ ಶೋಕಿ ಅಲ್ಲ. ಮಳೆಗಾಲದ ಕೆಸರು ರಸ್ತೆ, ತೋಟದ ಏರು, ನಡುವೆ ಒಂದು ಹಳ್ಳ ಇರುವ ಮನೆಗೆ ಸಾದಾ ಕಾರು ಹೋಗಲ್ಲ. ಹಾಗಾಗಿ ಹೊಸನಗರ, ತೀರ್ಥಹಳ್ಳಿ, ಸಾಗರ ಕಡೆ ಹಳೇ ಮೇಜರ್, ಕಮಾಂಡರ್‌ನಿಂದ ಹಿಡಿದು ಹೊಸ ಥಾರ್, ಜಿಮ್ನಿವರೆಗೆ ಎಲ್ಲ ಕಾಣಸಿಗುತ್ತವೆ. ಕೆಲವರು ಅಷ್ಟಕ್ಕೂ ನಿಲ್ಲದೆ ದೊಡ್ಡ ಟೈರ್ ಹಾಕಿಸಿ, ಸ್ಪ್ರಿಂಗ್ ಎತ್ತರಿಸಿ ಗಾಡಿಯನ್ನು ಇನ್ನೂ ಮೇಲಕ್ಕೆ ಏರಿಸ್ತಾರೆ.

ಗಾಡಿ ಏನೋ ಹಳ್ಳ ದಾಟುತ್ತದೆ. ಆದರೆ ಮನೆಯಲ್ಲಿರುವ ಅಜ್ಜಿ, ಮಂಡಿ ನೋವಿನ ಅಮ್ಮ, ಬಸುರಿ ಹೆಂಗಸು, ಚಿಕ್ಕ ಮಕ್ಕಳು ಹತ್ತಬೇಕಾದ್ದೂ ಅದೇ ಗಾಡಿಗೆ. ಆಸ್ಪತ್ರೆಗೂ ಅದೇ, ಮದುವೆ ಮನೆಗೂ ಅದೇ. ವಯಸ್ಸಾದವರು ಗಾಡಿ ಹತ್ತುವಾಗ ಅಥವಾ ಇಳಿಯುವಾಗ ಜಾರಿ ಬಿದ್ದರೆ ಸೊಂಟದ ಮೂಳೆಗೇ ಪೆಟ್ಟಾಗಬಹುದು. ಆಪರೇಷನ್ ಆದ ಮೇಲೂ ಮೊದಲಿನ ಹಾಗೆ ಓಡಾಡೋಕೆ ಆಗದೆ ಉಳಿದವರಿದ್ದಾರೆ. ಇನ್ನು ಕೆಲವರು ಬೀಳೋದೇ ಇಲ್ಲ, ಯಾಕಂದ್ರೆ ಹತ್ತೋದನ್ನೇ ಬಿಟ್ಟಿರ್ತಾರೆ. "ನಾ ಬರಲ್ಲ, ನೀವು ಹೋಗ್ಬನ್ನಿ" ಅಂತ ಅಜ್ಜಿ ಹೇಳಿದರೆ ಅದಕ್ಕೆ ಕಾರಣ ಬೇಸರವೇ ಆಗಿರಬೇಕಿಲ್ಲ, ಗಾಡಿಯ ಎತ್ತರವೂ ಆಗಿರಬಹುದು.

ಇದಕ್ಕೆ ಖರ್ಚೇ ಇಲ್ಲದ ದಾರಿಯಿಂದ ಹಿಡಿದು ವೆಲ್ಡಿಂಗ್ ಶಾಪ್ ಕೆಲಸದವರೆಗೆ ಹಲವು ಪರಿಹಾರಗಳಿವೆ. ಯಾವುದು ಯಾರಿಗೆ ಹೊಂದುತ್ತೆ, ಎಲ್ಲಿ ಎಚ್ಚರ ಬೇಕು, ಕಾನೂನು ಏನು ಹೇಳುತ್ತೆ ಅನ್ನೋ ವಿವರ ಇಲ್ಲಿದೆ.

ಮೊದಲು ಟೇಪು ಹಿಡಿದು ಅಳತೆ ಮಾಡಿ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ನೆಲದಿಂದ ಬಾಗಿಲ ಹೊಸ್ತಿಲವರೆಗೆ, ಅಂದರೆ ಕಾಲಿಡುವ ಫ್ಲೋರ್‌ವರೆಗೆ ಎಷ್ಟು ಇಂಚು ಇದೆ ನೋಡಿ. ಫುಟ್‌ಸ್ಟೆಪ್ ಇದ್ದರೆ ನೆಲದಿಂದ ಅದಕ್ಕೆಷ್ಟು, ಅಲ್ಲಿಂದ ಫ್ಲೋರ್‌ಗೆ ಎಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳಿ. ನೆಲದಿಂದ ಸೀಟಿನ ಎತ್ತರವನ್ನೂ ಅಳೆಯಿರಿ.

ಈಗ ಇದನ್ನು ಮನೆ ಮೆಟ್ಟಿಲಿಗೆ ಹೋಲಿಸಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ವಾಸದ ಮನೆಯಲ್ಲಿ ಒಂದು ಮೆಟ್ಟಿಲಿನ ಎತ್ತರ 190 ಮಿ.ಮೀ. ದಾಟಬಾರದು, ಅಂದರೆ ಸುಮಾರು ಏಳೂವರೆ ಇಂಚು. ಅಷ್ಟು ಹತ್ತೋಕೇ ಮಂಡಿ ನೋವಿನವರು ಗೋಡೆ ಹಿಡೀತಾರೆ. ಉದಾಹರಣೆಗೆ ನಿಮ್ಮ ಗಾಡಿಯ ಫ್ಲೋರ್ 27 ಇಂಚು ಎತ್ತರದಲ್ಲಿದೆ, ಫುಟ್‌ಸ್ಟೆಪ್ ಇಲ್ಲ ಅಂದುಕೊಳ್ಳಿ. ಅಲ್ಲಿಗೆ ಮೂರೂವರೆ ಮೆಟ್ಟಿಲನ್ನು ಒಂದೇ ಸಲ ಹತ್ತಿ ಅಂತ ನೀವು ಅವರಿಗೆ ಹೇಳಿದ ಹಾಗಾಯ್ತು.

ಮನೆಯಲ್ಲಿ ಎಲ್ಲರಿಗಿಂತ ಕಷ್ಟಪಡುವವರು ಯಾರೋ ಅವರನ್ನು ಮನೆ ಮೆಟ್ಟಿಲ ಹತ್ತಿರವೇ ನಿಲ್ಲಿಸಿ, ಎಷ್ಟು ಎತ್ತರಕ್ಕೆ ಆರಾಮಾಗಿ ಕಾಲು ಎತ್ತುತ್ತಾರೆ ಅಂತ ನೋಡಿ. ಸೀರೆ ಉಡುವವರಾದರೆ ಸೀರೆಯಲ್ಲೇ ನೋಡಿ, ನೈಟಿಯಲ್ಲಿ ಬಂದಷ್ಟು ಹೆಜ್ಜೆ ಸೀರೆಯಲ್ಲಿ ಬರಲ್ಲ. ಆ ಇಂಚನ್ನು ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಕೆಲಸಕ್ಕೂ ಅದೇ ಲೆಕ್ಕ.

ಎತ್ತರ ಎಲ್ಲಿಂದ ಬಂತು?

ಗಾಡಿ ಎತ್ತರಿಸೋದು ಮುಖ್ಯವಾಗಿ ಮೂರು ರೀತಿ.

ಒಂದು, ದೊಡ್ಡ ಟೈರ್. ಟೈರಿನ ಒಟ್ಟು ವ್ಯಾಸ ಎಷ್ಟು ಹೆಚ್ಚುತ್ತೋ ಗಾಡಿ ಅದರ ಅರ್ಧದಷ್ಟು ಮಾತ್ರ ಏರುತ್ತೆ. ಬೊಲೆರೊದಲ್ಲಿ ಬರುವ 215/75 ಆರ್ 15 ಟೈರಿನ ವ್ಯಾಸ ಸುಮಾರು 704 ಮಿ.ಮೀ. ಅದನ್ನು ತೆಗೆದು 235/75 ಆರ್ 15 ಹಾಕಿದರೆ 734 ಮಿ.ಮೀ. ಆಗುತ್ತೆ. ವ್ಯತ್ಯಾಸ 30 ಮಿ.ಮೀ., ಗಾಡಿ ಏರೋದು 15 ಮಿ.ಮೀ., ಅಂದರೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ. ಅದೇ ಗಾಡಿಗೆ 31 ಇಂಚಿನ ಟೈರ್ ಹಾಕಿದರೆ ಒಂದೂವರೆ ಇಂಚಿಗಿಂತ ಹೆಚ್ಚು ಏರುತ್ತೆ.

ಎರಡು, ಸಸ್ಪೆನ್ಷನ್ ಎತ್ತರಿಸೋದು. ಉದ್ದದ ಸ್ಪ್ರಿಂಗ್, ಉದ್ದದ ಶ್ಯಾಕಲ್ ಅಥವಾ ಸ್ಪೇಸರ್ ಹಾಕಿ ಚಾಸಿಯನ್ನೇ ಮೇಲೆತ್ತುತ್ತಾರೆ.

ಮೂರು, ಬಾಡಿ ಲಿಫ್ಟ್. ಚಾಸಿ ಮತ್ತು ಬಾಡಿ ನಡುವೆ ಬ್ಲಾಕ್ ಇಟ್ಟು ಬಾಡಿಯನ್ನು ಮಾತ್ರ ಏರಿಸೋದು. ಇದು ದೊಡ್ಡ ಟೈರಿಗೆ ಜಾಗ ಮಾಡಿಕೊಡುತ್ತೆ ಅಷ್ಟೆ.

ಇಲ್ಲಿ ಗೊತ್ತಿರಬೇಕಾದ ವಿಷಯ ಒಂದಿದೆ. ಹಳೇ ಜೀಪಿನ ಹಾಗೆ ಒಂದೇ ದಪ್ಪ ಆಕ್ಸಲ್ ಇರುವ ಗಾಡಿಯಲ್ಲಿ ಕಲ್ಲಿಗೆ ಮೊದಲು ತಾಗೋದು ಡಿಫರೆನ್ಶಿಯಲ್ ಹೌಸಿಂಗ್. ಅದು ಏರೋದು ಟೈರ್ ದೊಡ್ಡದಾದರೆ ಮಾತ್ರ. ಸ್ಪ್ರಿಂಗ್ ಎತ್ತರಿಸಿದರೂ, ಬಾಡಿ ಎತ್ತರಿಸಿದರೂ ಹೌಸಿಂಗ್ ಇದ್ದಲ್ಲೇ ಇರುತ್ತೆ. ಬಾಗಿಲು ಮಾತ್ರ ಮೇಲೆ ಹೋಗುತ್ತೆ. ಮೇಲಾಗಿ ಗಾಡಿಯ ಭಾರ ಮೇಲೇರಿದಷ್ಟೂ ಓರೆ ದಾರಿಯಲ್ಲಿ, ತಿರುವಿನಲ್ಲಿ ಮಗುಚುವ ಅಪಾಯ ಜಾಸ್ತಿ.

ಕಂಪನಿಯಿಂದ ಬಂದ ಹಾಗೇ 2020ರ ಮಾದರಿಯ ಥಾರ್‌ಗೆ 226 ಮಿ.ಮೀ., ಜಿಮ್ನಿಗೆ 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇದೆ. ತೋಟದ ರಸ್ತೆಗೆ ಇಷ್ಟು ಸಾಲುತ್ತಾ ಅಂತ ಒಂದು ಮಳೆಗಾಲ ಓಡಿಸಿ ನೋಡಿ, ಆಮೇಲೆ ಲಿಫ್ಟ್ ಬಗ್ಗೆ ಯೋಚಿಸೋದು ಒಳ್ಳೇದು.

ಖರ್ಚಿಲ್ಲದ ದಾರಿ: ನಿಲ್ಲಿಸುವ ಜಾಗ

ಹತ್ತುವವರ ಕಡೆ ನೆಲ ಎತ್ತರ ಇರುವ ಹಾಗೆ ಗಾಡಿ ನಿಲ್ಲಿಸಿದರೆ ಅರ್ಧ ಕಷ್ಟ ಕಡಿಮೆಯಾಗುತ್ತೆ. ರಸ್ತೆ ಓರೆಯಿದ್ದರೆ ಬಾಗಿಲು ಏರಿನ ಕಡೆಗಿರಲಿ. ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಬಿಡಿ, ಅರ್ಧ ತೆರೆದ ಬಾಗಿಲಲ್ಲಿ ತೂರಿ ಹತ್ತೋದು ಇನ್ನೂ ಅಪಾಯ. ಮಳೆಗಾಲದಲ್ಲಿ ಎತ್ತರದ ದರೆ ಬುಡದಲ್ಲಿ ನಿಲ್ಲಿಸಬೇಡಿ, ಮಣ್ಣು ಯಾವಾಗ ಕುಸಿಯುತ್ತೆ ಹೇಳೋಕಾಗಲ್ಲ.

ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟ ಮೇಲೆಯೇ ಹತ್ತಿಸಬೇಕು. ಕ್ಲಚ್ ಒತ್ತಿ ಹಿಡಿದುಕೊಂಡು "ಬೇಗ ಹತ್ತಿ" ಅನ್ನೋ ಅಭ್ಯಾಸ ಬಿಡಬೇಕು.

ಮನೆ ಅಂಗಳದಲ್ಲೇ ಒಂದು ಕಟ್ಟೆ

ಗಾಡಿ ದಿನಾ ಒಂದೇ ಕಡೆ ನಿಲ್ಲೋದಾದರೆ ಅಲ್ಲೇ ಜಂಬಿಟ್ಟಿಗೆ ಕಲ್ಲಿನಲ್ಲಿ ಚಿಕ್ಕ ಕಟ್ಟೆ ಕಟ್ಟಿಸೋದು ಒಳ್ಳೇ ಉಪಾಯ. ಫ್ಲೋರ್ 27 ಇಂಚು ಇರುವ ಗಾಡಿಗೆ 16 ಇಂಚಿನ ಕಟ್ಟೆ, ಅದಕ್ಕೆ ನಡುವೆ ಒಂದು ಮೆಟ್ಟಿಲು. ಆಗ ಲೆಕ್ಕ 8 ಇಂಚು, 8 ಇಂಚು, ಕೊನೆಗೆ ಗಾಡಿಯೊಳಗೆ 11 ಇಂಚು. ಬಾಗಿಲಿನ ಕೆಳ ಅಂಚಿಗಿಂತ ಕಟ್ಟೆ ಸಾಕಷ್ಟು ತಗ್ಗಿರಬೇಕು, ಇಲ್ಲದಿದ್ದರೆ ಬಾಗಿಲು ತೆರೆಯೋಕೇ ಆಗಲ್ಲ. ಬಾಗಿಲು ತೆರೆದಾಗ ತಾಗದ ಜಾಗ ನೋಡಿ ಹಿಡ್ಕೊಳ್ಳೋಕೆ ಒಂದು ಜಿಐ ಪೈಪ್ ನಿಲ್ಲಿಸಿ. ಗಾಡಿ ಮತ್ತು ಕಟ್ಟೆ ನಡುವೆ ಕಾಲು ಸಿಕ್ಕಿಬೀಳುವಷ್ಟು ಸಂದು ಬಿಡಬೇಡಿ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತೆ, ಆಗಾಗ ಉಜ್ಜಬೇಕು. ಗಾಡಿಗೆ ಕೈ ಹಚ್ಚೋದೇ ಇಲ್ಲವಾದ್ದರಿಂದ ಇದಕ್ಕೆ ಆರ್‌ಟಿಒ ತಕರಾರು ಇಲ್ಲ.

ಸ್ಟೂಲು

ಗಾಡಿಯಲ್ಲೇ ಇಟ್ಟುಕೊಂಡು ಹೋಗುವ ಮರದ ಸ್ಟೂಲು ಸುಲಭ ಪರಿಹಾರ. ಬಡಗಿ ಹತ್ತಿರ ಮಾಡಿಸುವಾಗ ಇಷ್ಟು ಹೇಳಿ: ಎತ್ತರ 7ರಿಂದ 8 ಇಂಚು, ಎರಡೂ ಪಾದ ಒಟ್ಟಿಗೆ ಇಡುವಷ್ಟು ಅಗಲ, ಅಂದರೆ ಕನಿಷ್ಠ 12 ಇಂಚಿಗೆ 15 ಇಂಚು. ಬುಡ ಮೇಲ್ಭಾಗಕ್ಕಿಂತ ಅಗಲ ಇರಲಿ. ನಾಲ್ಕು ಸಣ್ಣ ಕಾಲಿನ ಸ್ಟೂಲು ಹಸಿ ಮಣ್ಣಲ್ಲಿ ಒಂದು ಕಡೆ ಹೂತು ಓರೆಯಾಗುತ್ತೆ. ಪೆಟ್ಟಿಗೆ ಆಕಾರ ಇದ್ದರೆ ಅಥವಾ ಕಾಲುಗಳಿಗೆ ಅಡ್ಡಪಟ್ಟಿ ಹೊಡೆದಿದ್ದರೆ ಹೂಳಲ್ಲ. ಮೇಲ್ಗಡೆ ರಬ್ಬರ್ ಮ್ಯಾಟ್ ಹಚ್ಚಿಸಿ. ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ಈ ಕೆಲಸಕ್ಕೆ ಬೇಡ, ಜಾರುತ್ತೆ, ಬಿರುಕು ಬಿಟ್ಟಿದ್ದು ಗೊತ್ತಾಗಲ್ಲ.

ಸ್ಟೂಲಿಗೆ ಒಂದು ಹಗ್ಗ ಕಟ್ಟಿಟ್ಟರೆ ಹತ್ತಿದ ಮೇಲೆ ಒಳಗಿನಿಂದಲೇ ಎಳೆದುಕೊಳ್ಳಬಹುದು. ಫ್ಲೋರ್ 27 ಇಂಚು, ಫುಟ್‌ಸ್ಟೆಪ್ 15 ಇಂಚಿನಲ್ಲಿ ಇದ್ದರೆ ಏಳೂವರೆ ಇಂಚಿನ ಸ್ಟೂಲು ಇಟ್ಟಾಗ ಹೆಜ್ಜೆಗಳು ಏಳೂವರೆ, ಏಳೂವರೆ, 12 ಇಂಚು ಆಗುತ್ತವೆ. ಇದ್ದ ಗಾಡಿಯಲ್ಲೇ ಹೀಗೆ ಹತ್ತಬಹುದು.

ಕಾಲಿಗಿಂತ ಮೊದಲು ಕೈಗೆ ಹಿಡಿಕೆ

ತುಂಬಾ ಜನ ನೇರ ಫುಟ್‌ಸ್ಟೆಪ್ ಹಾಕಿಸೋಕೆ ಓಡ್ತಾರೆ. ಕೈಗೆ ಗಟ್ಟಿ ಹಿಡಿಕೆ ಇಲ್ಲದಿದ್ದರೆ ಫುಟ್‌ಸ್ಟೆಪ್ ಇದ್ದೂ ಪ್ರಯೋಜನ ಕಮ್ಮಿ. ಹಿಡಿಕೆ ಸಿಗದಾಗ ಜನ ತೆರೆದ ಬಾಗಿಲನ್ನೇ ಹಿಡೀತಾರೆ. ಬಾಗಿಲು ತೂಗುತ್ತೆ, ಮೈ ಭಾರ ಅದರ ಹಿಂದೆ ಹೋಗುತ್ತೆ, ಬೀಳೋದು ಆಗಲೇ.

ಎರಡು ಹಿಡಿಕೆ ಬೇಕು. ಒಂದು ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ, ಇನ್ನೊಂದು ಬಾಗಿಲ ಹಿಂದಿನ ಕಂಬದಲ್ಲಿ. ನೆಲದಲ್ಲಿ ನಿಂತಾಗಲೇ ಕೈಗೆ ಸಿಗುವಷ್ಟು ತಗ್ಗಿನಿಂದ ಶುರುವಾಗಬೇಕು. ಚಾವಣಿ ಹತ್ತಿರದ ಹಿಡಿಕೆ ಒಳಗೆ ಕೂತವರಿಗೆ ಆಗುತ್ತೆ, ನೆಲದಲ್ಲಿ ನಿಂತ ಗಿಡ್ಡ ಮೈಕಟ್ಟಿನ ಅಜ್ಜಿಗೆ ಎಟುಕಲ್ಲ. ರೋಲ್ ಕೇಜ್ ಪೈಪ್ ಇರುವ ಗಾಡಿಗೆ ಬೆಲ್ಟಿನ ಹಾಗೆ ಸುತ್ತುವ ಹಿಡಿಕೆ ಸಿಗುತ್ತೆ, ತೂತು ಕೊರೆಯೋದೇ ಬೇಡ.

ಕಂಬದಲ್ಲಿ ಏರ್‌ಬ್ಯಾಗ್ ಅಥವಾ ವೈರಿಂಗ್ ಇರುವ ಹೊಸ ಗಾಡಿಗಳಿಗೆ ಡ್ರಿಲ್ ಹಾಕಲೇಬಾರದು. ಶೋರೂಮ್‌ನಲ್ಲಿ ಕೇಳಿ, ಕಂಪನಿ ಹಿಡಿಕೆ ಇದೆಯಾ ಅಂತ ತಿಳಿದುಕೊಂಡು ಮುಂದುವರಿಯಿರಿ.

ಫುಟ್‌ಸ್ಟೆಪ್: ಯಾವುದು ಯಾರಿಗೆ?

ದುಂಡು ಪೈಪ್: ನೋಡೋಕೆ ಚೆಂದ. ಆದರೆ ಒದ್ದೆ ಚಪ್ಪಲಿ ಅದರ ಮೇಲೆ ಜಾರುತ್ತೆ. ತೆಗೆದುಕೊಳ್ಳಲೇಬೇಕು ಅಂದ್ರೆ ಕಾಲಿಡುವಲ್ಲಿ ಚಪ್ಪಟೆ ರಬ್ಬರ್ ಪ್ಯಾಡ್ ಇರುವುದೇ ಇರಲಿ.

ಚಪ್ಪಟೆ ಪ್ಲೇಟ್: ವಯಸ್ಸಾದವರಿಗೆ ಇದೇ ಉತ್ತಮ. ಪಾದದ ಮುಂಭಾಗ ಪೂರ್ತಿ ಕೂರಬೇಕು, 5ರಿಂದ 6 ಇಂಚು ಅಗಲವಾದರೂ ಇರಲಿ. ಚೆಕ್ಕರ್ ಪ್ಲೇಟ್ ಹಾಕಿಸಿ, ಕೆಸರು ಕೆಳಗೆ ಉದುರಲು ತೂತು ಇರಲಿ.

ರಾಕ್ ಸ್ಲೈಡರ್: ಬಂಡೆಗೆ ತಾಗಿದಾಗ ಬಾಡಿ ಉಳಿಸೋಕೆ ಮಾಡಿದ್ದು. ಗಟ್ಟಿ ಇರುತ್ತೆ. ಆದರೆ ಬಾಡಿಗೆ ಒತ್ತಿಕೊಂಡು ಎತ್ತರದಲ್ಲಿ ಕೂರಿಸುವುದರಿಂದ ಹತ್ತೋಕೆ ಹೆಚ್ಚು ಸಹಾಯ ಆಗಲ್ಲ.

ಇಳಿಬಿಟ್ಟ ಮೆಟ್ಟಿಲು: ಪ್ರತಿ ಬಾಗಿಲ ಕೆಳಗೆ ಮಾತ್ರ ಇನ್ನೂ ಕೆಲವು ಇಂಚು ತಗ್ಗಿನಲ್ಲಿ ಇರುವಂಥದ್ದು. ಹತ್ತೋಕೆ ತುಂಬಾ ಅನುಕೂಲ, ಆದರೆ ಬೋಳು ಕಲ್ಲಿಗೆ ಮೊದಲು ತಾಗೋದೂ ಇದೇ. 2 ಇಂಚು ಲಿಫ್ಟ್ ಮಾಡಿಸಿ 4 ಇಂಚು ಕೆಳಗೆ ಇಳಿಯುವ ಮೆಟ್ಟಿಲು ಕಾಯಂ ಆಗಿ ಕೂರಿಸಿದರೆ ಲಿಫ್ಟ್ ಮಾಡಿಸಿದ ಉದ್ದೇಶವೇ ಹೋಯ್ತು. ಮಡಚಿ ಮೇಲೆ ಸಿಕ್ಕಿಸುವ ಅಥವಾ ಕಳಚಿ ಇಡುವ ಮಾದರಿ ನೋಡಿ.

ರಬ್ಬರ್ ಬೆಲ್ಟ್ ಮೆಟ್ಟಿಲು: ದೊಡ್ಡ ಯಂತ್ರಗಳಲ್ಲಿ ಕೆಳಗಿನ ಮೆಟ್ಟಿಲನ್ನು ಬೆಲ್ಟಿನಲ್ಲಿ ನೇತುಹಾಕಿರೋದನ್ನು ನೋಡಿರಬಹುದು. ಕಲ್ಲು ತಾಗಿದರೆ ಬಾಗಿ ವಾಪಸ್ ಬರುತ್ತೆ. ತೊಂದರೆ ಅಂದ್ರೆ ಕಾಲಿಟ್ಟಾಗ ಒಳಕ್ಕೆ ತೂಗುತ್ತೆ. ಎರಡು ಅಗಲ ಬೆಲ್ಟ್ ಇರಬೇಕು, ಜೊತೆಗೆ ಹಿಡಿಕೆ ಕಡ್ಡಾಯ. ಚೈನಿನಲ್ಲಿ ನೇತುಹಾಕಿದರೆ ಇನ್ನೂ ಹೆಚ್ಚು ತೂಗುತ್ತೆ, ವಯಸ್ಸಾದವರಿಗೆ ಬೇಡ.

ಕರೆಂಟ್ ಮೆಟ್ಟಿಲು: ಬಾಗಿಲು ತೆರೆದರೆ ತಾನೇ ಇಳಿಯುತ್ತೆ, ಮುಚ್ಚಿದರೆ ಒಳಗೆ ಸೇರುತ್ತೆ. ಟಾರು ರಸ್ತೆಗೆ ಚೆನ್ನ. ಕೆಸರು, ಸಣ್ಣ ಜಲ್ಲಿ ಸಿಕ್ಕಿಕೊಂಡರೆ ಮೋಟಾರಿಗೆ ಕೆಲಸ ಬರುತ್ತೆ. ಸರ್ವಿಸ್ ಎಲ್ಲಿ ಸಿಗುತ್ತೆ ಅಂತ ಕೇಳದೆ ಕೊಳ್ಳಬೇಡಿ.

ಯಾವುದೇ ಹಾಕಿದರೂ ಗಾಡಿಯ ಅಗಲ ದಾಟಿ ಹೊರಗೆ ಚಾಚಬಾರದು, ಪಕ್ಕದಲ್ಲಿ ಹೋಗುವ ಬೈಕಿನವರಿಗೆ ತಾಗುತ್ತೆ. ಹಾಗಂತ ತೀರಾ ಒಳಗಿದ್ದರೂ ಕಾಲು ಸಿಗಲ್ಲ, ಮೊಣಕಾಲ ಕೆಳಗೆ ಹೊಡೆಯುತ್ತೆ. ಅಂಚು, ಬೋಲ್ಟ್ ತುದಿ, ಕೊಕ್ಕೆ ಎಲ್ಲೂ ಚೂಪಾಗಿ ಉಳಿದಿರಬಾರದು. ಸೀರೆ ನೆರಿಗೆ ಸಿಕ್ಕಿಕೊಂಡರೆ ಇಳಿಯುವವರು ಮುಗ್ಗರಿಸ್ತಾರೆ.

ಹಿಂದಿನಿಂದ ಹತ್ತುವ ಹಳೇ ಜೀಪು

ಎದುರುಬದುರು ಸೀಟಿನ ಹಳೇ ಜೀಪಿಗೆ ಹಿಂದಿನಿಂದ ಹತ್ತಬೇಕು. ಇಲ್ಲಿ ಜನ ಟೋ ಹುಕ್ ಮೇಲೆ ಕಾಲಿಟ್ಟು ಹತ್ತೋದು ಮಾಮೂಲು. ಅದು ಸಣ್ಣದು, ಜಾರುತ್ತೆ, ಇಳಿಯುವಾಗ ಕಾಲಿಗೆ ಹೊಡೆಯುತ್ತೆ. ಅದರ ಬದಲು ಹಿಂದಿನ ಬಂಪರ್ ಅಗಲಕ್ಕೆ ಚಪ್ಪಟೆ ಮೆಟ್ಟಿಲು, ಎರಡೂ ಪಕ್ಕದ ಕಂಬಕ್ಕೆ ನಿಲುವು ಹಿಡಿಕೆ ಇದ್ದರೆ ಸಾಕು. ಮೆಟ್ಟಿಲು ನಂಬರ್ ಪ್ಲೇಟ್, ಹಿಂದಿನ ಲೈಟು ಮುಚ್ಚಬಾರದು.

ವಯಸ್ಸಾದವರನ್ನು ಹಿಂದೆ ಕೂರಿಸುವ ಬದಲು ಮುಂದಿನ ಸೀಟು ಬಿಟ್ಟುಕೊಡೋದು ವಾಸಿ. ಮೂರು ಬಾಗಿಲಿನ ಥಾರ್‌ನಲ್ಲಂತೂ ಹಿಂದಿನ ಸೀಟಿಗೆ ಮುಂದಿನ ಸೀಟು ಸರಿಸಿ ತೂರಿಕೊಂಡೇ ಹೋಗಬೇಕು. ಅಲ್ಲಿ ಹುಡುಗರು ಕೂರಲಿ.

ಹತ್ತುವ, ಇಳಿಯುವ ಕ್ರಮ

ಎರಡು ಕೈ, ಎರಡು ಕಾಲಿನಲ್ಲಿ ಯಾವಾಗಲೂ ಮೂರು ಗಾಡಿಗೆ ಅಥವಾ ನೆಲಕ್ಕೆ ತಾಗಿರಬೇಕು. ಕೈಯಲ್ಲಿ ಚೀಲ, ಛತ್ರಿ, ಮೊಬೈಲ್ ಇದ್ದರೆ ಮೊದಲು ಒಳಗಿಡಿ.

ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಆಗ ಮೈ ಭಾರ ಹೊರುವ ಕೆಲಸ ಎರಡೂ ಸಲ ಗಟ್ಟಿ ಕಾಲಿಗೇ ಬರುತ್ತೆ.

ಫುಟ್‌ಸ್ಟೆಪ್ ಮೇಲೆ ನಿಂತ ಮೇಲೆ ತಿರುಗಿ ಸೀಟಿನ ಅಂಚಿಗೆ ಕೂತು, ಆಮೇಲೆ ಎರಡೂ ಕಾಲು ಒಳಗೆಳೆದುಕೊಳ್ಳುವುದು ಮಂಡಿ ನೋವಿನವರಿಗೆ ಸುಲಭ. ಆದರೆ ಮೆಟ್ಟಿಲು ಅಗಲ ಇದ್ದು, ಹಿಂದೆ ಒಬ್ಬರು ನಿಂತಿದ್ದರೆ ಮಾತ್ರ ಹೀಗೆ ಮಾಡಿ. ಬಟ್ಟೆ ಸೀಟಾದರೆ ನುಣುಪಾದ ಬಟ್ಟೆ ಹಾಸಿದರೆ ಮೈ ತಿರುಗಿಸೋಕೆ ಸಲೀಸು. ಕೂತ ಮೇಲೆ ಅದನ್ನು ತೆಗೆದುಬಿಡಿ, ಬ್ರೇಕ್ ಹಾಕಿದಾಗ ಜಾರಬಾರದು.

ಸಹಾಯ ಮಾಡುವವರು ಕೈ ಹಿಡಿದು ಮೇಲಿನಿಂದ ಎಳೆಯಬಾರದು, ಭುಜಕ್ಕೆ ಪೆಟ್ಟಾಗುತ್ತೆ. ಹಿಂದೆ ನಿಂತು ಸೊಂಟದ ಹತ್ತಿರ ಆಸರೆ ಕೊಡಿ.

ಇಳಿಯುವಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಕೆಳಗಿನ ನೆಲ ಕಾಣಲ್ಲ, ಕಾಲು ಜೋಮು ಹಿಡಿದಿರುತ್ತೆ. ಗಾಡಿ ಕಡೆ ಮುಖ ಮಾಡಿ, ಏಣಿ ಇಳಿದ ಹಾಗೆ ಇಳಿಯಬೇಕು. ಧುಮುಕೋದು ಹುಡುಗರಿಗೂ ಬೇಡ. ರಾತ್ರಿಯಾದರೆ ಬಾಗಿಲ ಬುಡಕ್ಕೆ ಟಾರ್ಚ್ ಬಿಡಿ.

ವೆಲ್ಡಿಂಗ್, ಆಕ್ಸೆಸರೀಸ್ ಅಂಗಡಿಯವರ ಗಮನಕ್ಕೆ

ಚಾಸಿಗೆ ನೇರವಾಗಿ ವೆಲ್ಡ್ ಮಾಡಬೇಡಿ. ಬಿಸಿಗೆ ಆ ಜಾಗದ ಉಕ್ಕು ದುರ್ಬಲವಾಗಿ ಮುಂದೆ ಬಿರುಕು ಬಿಡಬಹುದು. ಬ್ರಾಕೆಟ್ ಬೇರೆ ಮಾಡಿ, ಕಂಪನಿ ಕೊಟ್ಟ ತೂತುಗಳಿಗೆ ಬೋಲ್ಟ್ ಹಾಕಿ. ಬೋಲ್ಟ್ ತಲೆ ಮೇಲೆ 8.8 ಗುರುತು ಇರುವ ಗಟ್ಟಿ ಬೋಲ್ಟ್, ಸಡಿಲವಾಗದ ನೈಲಾಕ್ ನಟ್ ಬಳಸಿ. ಗಾಡಿ ಮೇಲೆ ವೆಲ್ಡಿಂಗ್ ಮಾಡಲೇಬೇಕಾಗಿ ಬಂದರೆ ಬ್ಯಾಟರಿ ಕಳಚಿ, ಡೀಸೆಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್ ಎಲ್ಲಿದೆ ನೋಡಿಕೊಳ್ಳಿ.

ಜ್ಯಾಕ್ ಕೊಡುವ ಜಾಗ ಮುಚ್ಚಿಹೋಗದಂತೆ ನೋಡಿ. ಪಂಕ್ಚರ್ ಆದ ದಿನ ಗಿರಾಕಿ ನಿಮ್ಮನ್ನೇ ನೆನೆಸ್ಕೊಳ್ತಾರೆ. ಕೆಲಸ ಮುಗಿದ ಮೇಲೆ ಇಬ್ಬರು ದೊಡ್ಡವರು ಹೊರ ಅಂಚಿನ ಮೇಲೆ ನಿಂತು ಕುಪ್ಪಳಿಸಿ ನೋಡಿ. ಬಾಗಿದರೆ, ಅಲ್ಲಾಡಿದರೆ ಗಾಡಿ ಬಿಡಬೇಡಿ. ಕೆಲವು ದಿನ ಓಡಿಸಿದ ಮೇಲೆ ಬೋಲ್ಟ್ ಬಿಗಿಮಾಡಿಸೋಕೆ ಬನ್ನಿ ಅಂತ ಗಿರಾಕಿಗೆ ಹೇಳಿ ಕಳಿಸಿ.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟಿದ್ದಕ್ಕೂ ಆರ್‌ಸಿ ವಿವರಕ್ಕೂ ವ್ಯತ್ಯಾಸ ಬರುವಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಅಡಿ, ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮುಂದಿನ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದ್ದೂ ಸೆಕ್ಷನ್ 52 ಹಿಡಿದು.

ಹಾಗಾಗಿ ಲಿಫ್ಟ್, ಅಳತೆ ಮೀರಿದ ಟೈರ್ ಎರಡೂ ತಕರಾರಿಗೆ ದಾರಿ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿಯವರೂ ಇದನ್ನೇ ಮುಂದಿಡಬಹುದು. ಫುಟ್‌ಸ್ಟೆಪ್ ವಿಷಯದಲ್ಲಿ ಕಂಪನಿಯೇ ಆ ಮಾದರಿಗೆ ಮಾರುವ ಆಕ್ಸೆಸರಿ ಹಾಕಿಸಿ ಬಿಲ್ ಇಟ್ಟುಕೊಳ್ಳೋದು ಸುರಕ್ಷಿತ. ಅಂಗವಿಕಲರ ಬಳಕೆಗೆ ಗಾಡಿ ಬದಲಾಯಿಸೋಕೆ ಕಾಯ್ದೆಯಲ್ಲೇ ಬೇರೆ ಅವಕಾಶ ಇದೆ. ಅಂಥವರು ಕೆಲಸ ಮಾಡಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಹಳದಿ ಬೋರ್ಡ್ ಗಾಡಿಯವರು ಎಫ್‌ಸಿಗೆ ಹೋಗುವ ಮೊದಲು ಕೇಳಿಕೊಳ್ಳಿ.

ಇನ್ನೊಂದು: ಫುಟ್‌ಸ್ಟೆಪ್ ಇರೋದು ಹತ್ತಿ ಇಳಿಯೋಕೆ. ಅದರ ಮೇಲೆ ನಿಲ್ಲಿಸಿಕೊಂಡು ಗಾಡಿ ಓಡಿಸೋದು ಸೆಕ್ಷನ್ 123ರ ಪ್ರಕಾರ ನಿಷೇಧ.

ಬಾಡಿಗೆ ಜೀಪಿನವರಿಗೆ

1,343 ಮೀಟರ್ ಎತ್ತರದ ಕೊಡಚಾದ್ರಿಗೆ ಜೀಪಿನಲ್ಲಿ ಹೋಗುವವರಲ್ಲಿ ಕೊಲ್ಲೂರು ಮೂಕಾಂಬಿಕೆ ದರ್ಶನ ಮುಗಿಸಿ ಬರುವ ಹಿರಿಯರೂ ಇರ್ತಾರೆ. ಮಡಿಕೇರಿ ಹತ್ತಿರದ ಮಾಂದಲ್‌ಪಟ್ಟಿಯಲ್ಲೂ ಪ್ರವಾಸಿಗರು ಜೀಪನ್ನೇ ನಂಬಿದ್ದಾರೆ. ಇಂಥ ಕಡೆ ಪ್ರತಿ ಜೀಪಿನಲ್ಲಿ ಒಂದು ಸ್ಟೂಲು, ಎರಡು ಗಟ್ಟಿ ಹಿಡಿಕೆ ಇದ್ದರೆ ದಾರಿಯಲ್ಲಿ ಎಲ್ಲಿ ನಿಲ್ಲಿಸಿದರೂ ಚಿಂತೆ ಇಲ್ಲ. ಇಳಿಸುವಾಗ ಚಾಲಕರೇ ಕೆಳಗಿಳಿದು ಬಂದು ಸ್ಟೂಲು ಇಟ್ಟು ಒಂದು ನಿಮಿಷ ನಿಂತರೆ, ಆ ಕುಟುಂಬ ಮುಂದಿನ ಸಲ ಅದೇ ನಂಬರಿಗೆ ಫೋನ್ ಮಾಡುತ್ತೆ.

ಯಾವುದು ಮೊದಲು, ಯಾವುದು ಆಮೇಲೆ?

1. ಅಳತೆ ತೆಗೆಯಿರಿ, ಮನೆಯ ಹಿರಿಯರು ಎಷ್ಟು ಹತ್ತಬಲ್ಲರು ನೋಡಿ.
2. ನಿಲ್ಲಿಸುವ ಜಾಗ ಬದಲಿಸಿ, ಇಳಿಯುವ ಕ್ರಮ ಹೇಳಿಕೊಡಿ.
3. ಸ್ಟೂಲು ಮಾಡಿಸಿ, ಸಾಧ್ಯವಾದರೆ ಅಂಗಳದಲ್ಲಿ ಕಟ್ಟೆ.
4. ಹಿಡಿಕೆ ಹಾಕಿಸಿ.
5. ಇಷ್ಟೂ ಸಾಲದಿದ್ದರೆ ಕಂಪನಿಯ ಚಪ್ಪಟೆ ಫುಟ್‌ಸ್ಟೆಪ್.
6. ಆಗಲೂ ಹತ್ತೋಕೆ ಆಗದಿದ್ದರೆ ಲಿಫ್ಟ್ ತೆಗೆಸಿ, ಕಂಪನಿ ಅಳತೆಯ ಟೈರಿಗೆ ವಾಪಸ್ ಬನ್ನಿ.

ಹೊಸದಾಗಿ ಲಿಫ್ಟ್ ಮಾಡಿಸುವ ಯೋಚನೆ ಇರುವವರು ಅಡ್ವಾನ್ಸ್ ಕೊಡುವ ಮೊದಲು ಹಿರಿಯರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅಲ್ಲಿ ನಿಂತಿರುವ ಲಿಫ್ಟ್ ಮಾಡಿದ ಗಾಡಿಗೆ ಒಮ್ಮೆ ಹತ್ತಿಸಿ ಇಳಿಸಿ ನೋಡಿ. ಅವರಿಗೆ ಆಗಲ್ಲ ಅಂತಾದರೆ ಆ ದುಡ್ಡಲ್ಲಿ ಒಳ್ಳೇ ಟೈರ್ ಹಾಕಿಸಿ, ಎತ್ತರ ಇದ್ದಷ್ಟೇ ಇರಲಿ.